ಕೈಗುಣವೋ ಹೊಳೆಗುಣವೋ

ಹಾಜಿರಾಬಿಗೆ ನೀರೆಂದರೆ ಅನುಮಾನ. ಹುಬ್ಬಳ್ಳಿಯ ನಳದ ನೀರು ಕುಡಿದು ಬೆಳೆದವಳು, ಎಸ್ಸೆಸ್ಸೆಲ್ಸಿ ಪಾಸಾದವಳು. ವಿಜ್ಞಾನದ ಪುಸ್ತಕದಲ್ಲಿ ಒಂದು ಹನಿ ನೀರಿನೊಳಗೆ ಈಜುವ ಹುಳುಗಳ ಚಿತ್ರ ನೋಡಿದಂದಿನಿಂದ ಅವಳ ಕಣ್ಣಿಗೆ ಯಾವ ತಂಬಿಗೆಯೂ ಶುದ್ಧ ಕಾಣಲಿಲ್ಲ. ಅಂಥವಳನ್ನು ತಂದು ಮದುವೆ ಮಾಡಿ ಕೊಟ್ಟದ್ದು ಮುಂಡರಗಿ ತಾಲೂಕಿನ ಹೊಳೆಬಾಗನೂರಿಗೆ. ಅಲ್ಲಿಯ ಬಾವಿಗಳೆಲ್ಲ ಸವುಳು. ಕುಡಿಯುವುದಕ್ಕೆ, ಅಡಿಗೆಗೆ, ಮೈ ತೊಳೆಯುವುದಕ್ಕೆ ಇದ್ದದ್ದು ತುಂಗಭದ್ರೆಯೊಂದೇ. ಊರವರ ಬಾಯಲ್ಲಿ ಅದು ಬರೀ ‘ಹೊಳಿ’.

ಮಗಳು ಬಾನು ಹುಟ್ಟಿದ ಮೇಲೆ ಅನುಮಾನ ರೋಗಕ್ಕೇ ತಿರುಗಿತು. ನೀರು ಕಾಯಿಸಿದೆನೇ? ಕಾಯಿಸಿದೆ. ಮುಚ್ಚಿದೆನೇ? ಮುಚ್ಚಿದೆ. ಮುಚ್ಚಳ ತೊಳೆದಿದ್ದೆನೇ? ಅಲ್ಲಿಗೆ ಮತ್ತೆ ಎದ್ದು ಒಲೆಯ ಕಡೆ ಹೋಗುವುದು.

“ಏ ಹಾಜಿರಾ, ನೀರನ್ನ ಅಷ್ಟು ಕಾಯಿಸಬ್ಯಾಡ. ಅದಕ್ಕೂ ಜ್ವರ ಬಂದೀತು,” ಎನ್ನುತ್ತಿದ್ದಳು ಅತ್ತೆ ಬೀಬಿಜಾನ.

ಬೀಬಿಜಾನ ಹುಟ್ಟಿದ್ದು ಬೆಟಗೇರಿಯಲ್ಲಿ, ನೂಲಿಗೆ ಬಣ್ಣ ಹಾಕುವವರ ಓಣಿಯಲ್ಲಿ. ಅಪ್ಪನ ಹಂಡೆಗಳ ನಡುವೆ ಅಂಬೆಗಾಲಿಟ್ಟವಳು. ಎಡಗೈ ನೀಲಿ, ಬಲಗೈ ಕೆಂಪು ಮಾಡಿಕೊಂಡೇ ಬೆಳೆದೆ ಎಂದು ಹೇಳಿಕೊಂಡು ನಗುತ್ತಿದ್ದಳು. ಹದಿನಾಲ್ಕಕ್ಕೆ ಮದುವೆಯಾಗಿ ಹೊಳೆದಂಡೆಗೆ ಬಂದಾಗ ಗಂಡನ ಮನೆಯಲ್ಲೂ ಅದೇ ಕಸಬು. ಶಿಗ್ಲಿಯ ನೇಕಾರರು ಗಾಡಿ ಕಟ್ಟಿಕೊಂಡು ನೂಲು ತರುತ್ತಿದ್ದ ಕಾಲ ಅದು. ಆಮೇಲೆ ಬಣ್ಣ ಹಾಕಿದ ನೂಲೇ ಪೇಟೆಗೆ ಬರತೊಡಗಿತು. ಗಂಡ ತೀರಿಕೊಂಡ. ಹಂಡೆಗಳು ಒಂದೊಂದಾಗಿ ಬೋರಲು ಬಿದ್ದವು. ಉಳಿದದ್ದು ಒಂದೇ ಹಂಡೆ, ಅರಿಶಿಣದ್ದು.

ಅರಿಶಿಣ ದಾರವಿಲ್ಲದೆ ಮದುವೆಯಾಗುತ್ತದೆಯೇ? ಕಂಕಣಕ್ಕೆ ಬೇಕು, ನಾಲ್ಕು ಮೂಲೆಯ ತಂಬಿಗೆಗಳಿಗೆ ಸುರಗಿ ಸುತ್ತಲು ಬೇಕು, ಬೀಸುವ ಕಲ್ಲಿಗೆ ಕಟ್ಟಲು ಬೇಕು. ಕಿರಾಣಿ ಅಂಗಡಿಯಲ್ಲೂ ಸಿಗುತ್ತಿತ್ತು, ಬಿಡಿ. ಆದರೆ ಹೊಳೆಯ ಎರಡೂ ದಂಡೆಯ ಹೆಂಗಸರಿಗೆ ಬೀಬಿಜಾನಳ ದಾರವೇ ಆಗಬೇಕು. ‘ಬೀಬವ್ವನ ಕೈಗುಣ ಚಲೋ. ಆಕಿ ದಾರ ಕಟ್ಟಿದ ಮದವಿ ಮುರದಿಲ್ಲ’ ಎಂಬ ಮಾತು ಲಕ್ಷ್ಮೇಶ್ವರದ ಸಂತೆಯಿಂದ ಆಚೆ ದಂಡೆಯ ಬಳ್ಳಾರಿ ಜಿಲ್ಲೆಯ ಹಳ್ಳಿಗಳವರೆಗೂ ಹರಡಿತ್ತು. ಮಗ ಉಸ್ಮಾನಸಾಬ ಸೈಕಲ್ಲಿನ ಮೇಲೆ ಸಂತೆ ಮಾಡುತ್ತಿದ್ದ. ಅವಳು ಮಾತ್ರ ಹರಿಗೋಲು ಹತ್ತಿ, ಬಸ್ಸು ಹತ್ತಿ, ಕೆಲವು ಕಡೆ ನಡೆದೇ ಹೋಗಿ ಹೊಳೆಸಾಲಿನ ಮನೆಮನೆಗೂ ದಾರ ಮುಟ್ಟಿಸಿ ಬರುತ್ತಿದ್ದಳು.

ಇಸವಿ ಎಂಬತ್ನಾಲ್ಕರ ಜನವರಿ, ಸಂಕ್ರಾಂತಿ ಕಳೆದು ವಾರವಾಗಿತ್ತು. ಆಚೆ ದಂಡೆಯ ಅಮೃತವ್ವ ಮಗಳ ಮದುವೆಗೆ ಐದು ಲಡಿ ದಾರ ಹೇಳಿದ್ದಳು. ಬೀಬಿಜಾನ ಎಂದಿನಂತೆ ನೂಲನ್ನು ಅರಿಶಿಣದಲ್ಲಿ ಕುದಿಸಿ, ಹೊಳೆಯಲ್ಲಿ ಜಾಲಿಸಿದಳು. ಕೈಯಲ್ಲಿದ್ದ ಹಳದಿ ಲಡಿ ನೋಡನೋಡುತ್ತ ಕೆಂಪಾಯಿತು. ಬಿಸಿಲಿಗೆ ಕಣ್ಣು ಕತ್ತಲಿಟ್ಟಿತೇನೋ ಎಂದು ಒರೆಸಿಕೊಂಡು ನೋಡಿದಳು. ಕೆಂಪೇ. ಒಣಗಿದ ಮೇಲೆ ಹಳೆಯ ಇಟ್ಟಿಗೆಯ ಬಣ್ಣ.

ಹೊಸದಾಗಿ ಮಾಡಿಕೊಡಲು ನೂಲಿರಲಿಲ್ಲ. ಅಮೃತವ್ವ ಲಡಿಯನ್ನು ನೋಡಿ ಎದೆ ಬಡಿದುಕೊಂಡಳು.

“ಮದವಿ ದಾರಕ್ಕ ರಕ್ತದ ಬಣ್ಣ ಹಾಕಿ ಕೊಡ್ತೀಯೇನ ಬೀಬವ್ವ? ಏನ್ ಹಗಿ ಇತ್ತು ನಿನಗ ನನ್ನ ಮಗಳ ಮ್ಯಾಲ?”

“ಯವ್ವಾ, ನಾ ಹಾಕಿದ್ದು ಅರಿಶಿಣನ. ಅಲ್ಲಾನ ಆಣಿ.”

“ಹಂಗಾದ್ರ ನಿನ್ನ ಕೈಗುಣ ಹೋತು, ಅಷ್ಟ ಹೇಳು!”

ಹರಿಗೋಲಿನ ಕಳಕಪ್ಪ ನಡುವೆ ಬಂದು, “ಬಿಡ ಅಮೃತವ್ವ, ಕೆಂಪಾದ್ರ ಓಕಳಿ ಆತಂತ ತಿಳಕೊ” ಎಂದ. ಅವಳು ಅವನಿಗೂ ಎರಡು ಬೈದು ಕಿರಾಣಿ ಅಂಗಡಿಯ ದಾರ ಕೊಂಡು ದಾಟಿದಳು.

ಅದೇ ಸಂಜೆ ಬಾನುವಿನ ಮೈಮೇಲೆ ಗಂದೆ ಎದ್ದವು. ಎಂಟು ತಿಂಗಳ ಕೂಸು, ಕೆರೆದುಕೊಳ್ಳಲೂ ಬಾರದು, ಅಳುವುದೊಂದೇ. ನೀರು ಕಾಯಿಸಿಯೇ ಎರೆದಿದ್ದೆನಲ್ಲ, ಕುದಿಸಿಯೇ ಕುಡಿಸಿದ್ದೆನಲ್ಲ, ಎಲ್ಲಿ ತಪ್ಪಿತು ಎಂದು ಹಾಜಿರಾ ಒಂದೊಂದೇ ಪಾತ್ರೆ ಮೂಸಿ ನೋಡಿದಳು. ಮರುದಿನವೇ ತವರಿಗೆ ಕಾಗದ ಬರೆದಳು. ‘ಈ ಊರಿನ ನೀರು ನನ್ನ ಮಗಳಿಗೆ ಆಗುವುದಿಲ್ಲ. ಅಣ್ಣನನ್ನು ಕಳಿಸಿರಿ.’ ಅಣ್ಣ ರಹಮಾನಸಾಬನ ಉತ್ತರ ಬಂತು. ಹೊಸ ಮನೆಯ ಕೆಲಸ ನಡೆದಿದೆ, ಏಪ್ರಿಲ್ ಮುಗಿಯುವ ಹೊತ್ತಿಗೆ ಬಂದು ಕರೆದೊಯ್ಯುತ್ತೇನೆ ಎಂದು. ಹಾಜಿರಾ ದಿನ ಎಣಿಸತೊಡಗಿದಳು. ಉಸ್ಮಾನಸಾಬ ಮಾತು ಕಡಿಮೆ ಮಾಡಿದ. ಅವನನ್ನು ಬಿಟ್ಟಿರುವ ಮನಸ್ಸು ಅವಳಿಗೂ ಇರಲಿಲ್ಲ. ಆದರೆ ಈ ನೀರನ್ನು ನಂಬುವುದು ಹೇಗೆ?

ಬೀಬಿಜಾನ ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ನಾಲ್ಕನೆಯ ದಿನ ಸೊಸೆಯನ್ನು ಕರೆದು ಎರಡು ತಂಬಿಗೆ ಮುಂದಿಟ್ಟಳು.

“ಇದು ಬಾನಿಯೊಳಗಿನ ಹಳೀ ನೀರು, ಹೋದ ಆಯಿತವಾರದ್ದು. ಇದು ಅಮೃತವ್ವನ ದಾರ ಜಾಲಿಸಿದ ದಿನದ್ದು, ಬಿಂದಿಗ್ಯಾಗ ಹಂಗ ಉಳದಿತ್ತು. ಈಗ ನೋಡು.”

ಒಂದೊಂದು ಎಳೆ ಹಳದಿ ದಾರ ಎರಡರಲ್ಲೂ ಅದ್ದಿದಳು. ಹಳೆಯ ನೀರಿನಲ್ಲಿ ದಾರ ಹಳದಿಯಾಗಿಯೇ ಇತ್ತು. ಇನ್ನೊಂದರಲ್ಲಿ ಕೆಂಪಾಯಿತು. ಅರಿಶಿಣಕ್ಕೆ ಸುಣ್ಣ ಹಾಕಿ ಕುಂಕುಮ ಮಾಡಿದ ಹಾಗೆ.

ಹಾಜಿರಾ ತಂಬಿಗೆಯ ಮೇಲೆ ಬಾಗಿದಳು. ಹುಬ್ಬಳ್ಳಿಯ ಶಾಲೆಯಲ್ಲಿ ಟೀಚರು ಗಾಜಿನ ನಳಿಗೆಯಲ್ಲಿ ಬಣ್ಣದ ಕಾಗದ ಅದ್ದಿ ತೋರಿಸಿದ್ದು ಕಣ್ಣ ಮುಂದೆ ಬಂತು. “ಅಮ್ಮಾ, ಇದು ಕ್ಷಾರ! ಕಾಸ್ಟಿಕ್ ಸೋಡಾದಂಥಾದ್ದು ಏನೋ ನೀರಾಗ ಕೂಡೇತಿ. ಕಾಯಿಸಿದ್ರೂ ಅದು ಹೋಗಂಗಿಲ್ಲ.”

“ಅದಕ್ಕ ಹೆಸರು ನೀನ ಇಡವ್ವ, ಕಲತಾಕಿ,” ಎಂದಳು ಬೀಬಿಜಾನ. “ನನಗ ಇಷ್ಟ ಗೊತ್ತಾತು. ಕೆಟ್ಟಿದ್ದು ಕೈಗುಣ ಅಲ್ಲ, ಹೊಳಿಗುಣ.”

ಮರುದಿನ ಹೊಳೆಯಲ್ಲಿ ಅದ್ದಿದರೆ ದಾರ ಹಳದಿ. ಅದರ ಮರುದಿನವೂ ಹಳದಿ. ಹಾಗಾದರೆ ಕೆಟ್ಟ ನೀರು ದಿನವೂ ಬರುವುದಿಲ್ಲ, ಯಾವಾಗಲೋ ಬಂದು ಹೋಗುತ್ತದೆ. ಯಾವಾಗ? ಎಲ್ಲಿಂದ? ಮೇಲಿನ ಊರಿನವರಿಗೆ ನಮಗಿಂತ ಮೊದಲೇ ತಿಳಿಯಬೇಕಲ್ಲವೇ ಎಂದು ಹಾಜಿರಾ ಯೋಚಿಸಿದಳು. ಅತ್ತೆಗೆ ಹೇಳಿದಾಗ ಅವಳು ಬೆರಳು ಮಡಚಿ ಊರುಗಳ ಲೆಕ್ಕ ಹಾಕಿದಳು.

“ಈ ದಂಡಿ ಮುಂಬೈ. ಆ ದಂಡಿ ಮದ್ರಾಸ. ಮ್ಯಾಲ ಹೋದ್ರ ಮೈಸೂರು. ಕೆಳಗ ಇಳದ್ರ ಮೊಗಲಾಯಿ. ನನ್ನ ದಾರ ನಾಕೂ ದೇಶದಾಗ ಹೋಕ್ಕೈತಿ.”

ರಾಜ್ಯ ಒಂದಾಗಿ ಮೂವತ್ತು ವರ್ಷವಾಗುತ್ತ ಬಂದರೂ ಅವಳ ಬಾಯಲ್ಲಿ ಅವು ಇನ್ನೂ ದೇಶಗಳೇ. ಸಣ್ಣವಳಿದ್ದಾಗ ಒಂದು ಲಡಿ ನೂಲು ಒಯ್ಯಲೂ ನಿಜಾಮನ ನಾಕಾದಲ್ಲಿ ಸೆರಗು ಬಿಚ್ಚಿ ತೋರಿಸಬೇಕಾಗುತ್ತಿತ್ತಂತೆ.

ಹೀಗೆ ಶುರುವಾಯಿತು. ಬೀಬಿಜಾನ ದಾರ ಮಾರಲು ಹೋದ ಹನ್ನೊಂದು ಊರುಗಳಲ್ಲಿ ಒಬ್ಬೊಬ್ಬರ ಕೈಗೆ ಒಂದು ಗುಂಜು ಹಳದಿ ದಾರ ಪುಕ್ಕಟೆ ಕೊಟ್ಟಳು. ದಿನಾ ಮುಂಜಾನೆ, ಸಂಜೆ ನೀರು ತರುವಾಗ ಒಂದೊಂದು ಎಳೆ ಹೊಳೆಯಲ್ಲಿ ಅದ್ದಬೇಕು. ಬಣ್ಣ ನೋಡಿ ಕಾರ್ಡಿನ ಮೇಲೆ ತಾರೀಖು ಹಾಕಿ ಬರೆಯಬೇಕು, ವಾರಕ್ಕೊಂದು ಕಾರ್ಡು. ಹಾಜಿರಾ ಮೊದಲು ದಾರವನ್ನೇ ಕಾರ್ಡಿಗೆ ಹೊಲಿದು ಕಳಿಸಲು ಹೇಳಿದ್ದಳು. ಪೋಸ್ಟ್ ಮಾಸ್ತರರು, “ಇದು ಕಾರ್ಡೋ, ಅಂಗಿಯೋ? ಹಿಂಗೆಲ್ಲ ನಡೆಯಂಗಿಲ್ಲ” ಎಂದು ತಿರುಗಿಸಿದರು. ಆಮೇಲೆ ಅಕ್ಷರ ಸಾಕು ಎಂದಾಯಿತು. ಹಳದಿಗೆ ‘ಹ’, ಕೆಂಪಿಗೆ ‘ಕೆಂ’. ಶಿರಹಟ್ಟಿ ತಾಲೂಕಿನ ಹೊಳೆದಂಡೆಯಲ್ಲಿದ್ದ ಬೀಬಿಜಾನಳ ತಂಗಿ ಖೈರುನಬಿಗೆ ಅಕ್ಷರ ಬಾರದು. ಅವಳು ಹಳದಿಗೆ ಸೊನ್ನೆ ಬರೆಯುವಳು, ಕೆಂಪಿಗೆ ಸೊನ್ನೆಯ ನಡುವೆ ಗೆರೆ ಎಳೆಯುವಳು.

ಬಂದ ಸುದ್ದಿಯನ್ನು ಹಾಜಿರಾ ಹಾಳೆಯಲ್ಲಿ ಬರೆದಿಟ್ಟುಕೊಂಡಳು. ಬೀಬಿಜಾನಳಿಗೆ ಅದು ಸಾಲಲಿಲ್ಲ. ಹರಿಗೋಲು ಹತ್ತುವ ಜಾಗದಲ್ಲಿ ಕಳಕಪ್ಪನ ಗುಡಿಸಲ ಮುಂದೆ ಉದ್ದಕ್ಕೆ ಹಗ್ಗ ಕಟ್ಟಿ, ಒಂದೊಂದು ಊರಿಗೆ ಒಂದೊಂದು ಗಂಟು ಹಾಕಿ, ಆಯಾ ಗಂಟಿಗೆ ಹಳದಿಯದೋ ಕೆಂಪಿನದೋ ದಾರ ಇಳಿಬಿಟ್ಟಳು.

“ಎಲ್ಲಾರಿಗೂ ಯಾಕ ತೋರಸ್ತಿ ಬೀಬವ್ವ? ಸಾಹೇಬರ ಮುಂದ ಇಡೂತನಾ ಮುಚ್ಚಿಟ್ಕೊ,” ಎಂದ ಕಳಕಪ್ಪ.

“ದಾರ ಅಂದ್ರ ಹತ್ತು ಮಂದಿ ಮುಂದ ಕಟ್ಟೂದಪಾ. ಮುಚ್ಚಿ ಕಟ್ಟಿದ್ರ ಅದು ಮದವಿ ಆಕ್ಕೈತೇನ?”

ದಾಟುವವರು ನಿಂತು ನೋಡಿದರು. ನೋಡಿದವರು ತಮ್ಮೂರಿನಲ್ಲಿ ಹೇಳಿದರು. ಮಾರ್ಚ್ ಹೊತ್ತಿಗೆ ಅಮೃತವ್ವನೂ ಬಂದು, ಮುಖ ಆ ಕಡೆ ತಿರುಗಿಸಿಕೊಂಡೇ, “ನನಗೂ ಒಂದು ಗುಂಜು ಕೊಡು” ಎಂದಳು. ಬಾನುವಿನ ಗಂದೆ ಇಳಿದಿದ್ದವು. ಆದರೆ ಹಾಜಿರಾ ಮಗಳನ್ನು ಹೊಳೆಯ ಕಡೆ ಮುಖ ಮಾಡಿಯೂ ಎತ್ತಿಕೊಳ್ಳುತ್ತಿರಲಿಲ್ಲ.

ಹೊಳೆಯ ಮೇಲ್ಭಾಗದಲ್ಲಿ, ಒಂದು ಹಳ್ಳ ಬಂದು ಕೂಡುವ ಕಡೆ ಬಟ್ಟೆಯನ್ನು ಬೆಳ್ಳಗೆ ಮಾಡುವ ಗಿರಣಿಯೊಂದು ಹೊಸದಾಗಿ ಆಗಿತ್ತು. ಎಲ್ಲರ ಅನುಮಾನವೂ ಅದರ ಮೇಲೆಯೇ. ಊರಿನವರೆಲ್ಲ ಅರ್ಜಿ ಬರೆದರು. ಏಪ್ರಿಲ್ ಮೊದಲ ವಾರ ಮುಂಡರಗಿಗೆ ನೀರಿನ ತಕರಾರು ವಿಚಾರಿಸುವ ಸಾಹೇಬರೊಬ್ಬರು ಬಂದಾಗ ಬೀಬಿಜಾನ, ಹಾಜಿರಾ, ಕಳಕಪ್ಪ ಮೂವರೂ ಕಾರ್ಡುಗಳ ಕಟ್ಟು ಹಿಡಿದು ಹೋದರು. ಗಿರಣಿಯ ಕಡೆಯ ಗುಮಾಸ್ತನೂ ಬಂದು ಕುಳಿತಿದ್ದ.

ಸಾಹೇಬರು ಆಗಷ್ಟೇ ಊಟ ಮುಗಿಸಿ ಎಲೆಗೆ ಸುಣ್ಣ ಹಚ್ಚಿ ಮಡಚಿ ಬಾಯಿಗಿಟ್ಟಿದ್ದರು. ಕಾರ್ಡುಗಳನ್ನು ತಿರುವಿ ಹಾಕಿದರು.

“ಇದರಲ್ಲಿ ಅರ್ಧ ಊರು ಬಳ್ಳಾರಿ ಜಿಲ್ಲೆಯವು. ಅದು ನನ್ನ ಹದ್ದಲ್ಲ.”

“ನೀರಿಗೆ ಹದ್ದಿಲ್ಲಲ್ರೀ,” ಎಂದಳು ಬೀಬಿಜಾನ.

“ಸರಿ, ಎಲ್ಲಮ್ಮಾ ಆ ದಾರ, ಕೊಡಿ ನೋಡೋಣ.”

ಅವಳು ಹೊಸ ಹಳದಿ ದಾರದ ಎಳೆಯೊಂದನ್ನು ಕೊಟ್ಟಳು. ಸೆಕೆಗೆ ಬೆವೆತ ಬೆರಳುಗಳಲ್ಲಿ ಅವರು ಅದನ್ನು ಹೊಸೆದರು. ಹೊಸೆದಷ್ಟು ಉದ್ದ ದಾರ ಕೆಂಪಾಯಿತು.

ಸಾಹೇಬರು ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಆಮೇಲೆ ಗುಮಾಸ್ತ ಬಿದ್ದು ಬಿದ್ದು ನಕ್ಕ. “ಸಾಹೇಬ್ರ, ನಿಮ್ಮ ಕೈಯಾಗೂ ನಮ್ಮ ಗಿರಣಿ ನೀರು ಹರ್ಯಾಕತ್ತೇತಿ ನೋಡ್ರಿ!”

ಸಾಹೇಬರೂ ನಕ್ಕರು. “ಹೊಳೆಯೇ ಇಲ್ಲದ ಕಡೆ ಕೆಂಪಾಗುವ ದಾರ ನಂಬಿ ನಾನು ಯಾರಿಗೆ ನೋಟೀಸು ಕೊಡಲಿ? ಹೋಗಿಬನ್ನಿ.”

ತಿರುಗಿ ಬರುವ ಬಸ್ಸಿನಲ್ಲಿ ಬೀಬಿಜಾನ ತಲೆ ಎತ್ತಲಿಲ್ಲ. ಐವತ್ತು ವರ್ಷ ಬಣ್ಣದಲ್ಲಿ ಕೈ ಅದ್ದಿದವಳಿಗೆ ಇಂದು ಬಣ್ಣವೇ ಮುಖಭಂಗ ಮಾಡಿತ್ತು. ಹಾಜಿರಾ ಮನಸ್ಸಿನಲ್ಲೇ ಟ್ರಂಕು ತುಂಬಿಕೊಳ್ಳುತ್ತಿದ್ದಳು. ಬಾನುವಿನ ಉಣ್ಣೆಯ ಟೊಪ್ಪಿಗೆ, ಔಷಧದ ಬಾಟಲಿ. ಕಪ್ಪತಗುಡ್ಡದ ಸಾಲು ಕಿಟಕಿಯಾಚೆ ಹಿಂದೆ ಸರಿಯುತ್ತಿತ್ತು. ಮುಂದಿನ ಸೀಟಿನಲ್ಲಿ ಕಳಕಪ್ಪ ಬೇಜಾರು ಕಳೆಯಲು ಸಂಚಿ ಬಿಚ್ಚಿ, ಎಲೆ ಒರೆಸಿ, ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಹಚ್ಚಿದ. ಉಳಿದದ್ದನ್ನು ಧೋತರದ ಅಂಚಿಗೆ ಒರೆಸಿದ.

ಬೀಬಿಜಾನ ಥಟ್ಟನೆ ಎದ್ದು ನಿಂತಳು. “ಲೇ ಕಳಕಪ್ಪ! ಕೈ ತೋರಸಲೇ!”

“ಯಾಕವ್ವ? ಭವಿಷ್ಯ ಹೇಳ್ತೀಯೇನು?”

ಅವಳು ಅವನ ಬೆರಳಿಗೆ ಹಳದಿ ದಾರ ಒತ್ತಿದಳು. ಕೆಂಪು. ತನ್ನ ಬೆರಳಿಗೆ ಒತ್ತಿಕೊಂಡಳು. ಅವಳೂ ಮುಂಜಾನೆ ಒಂದು ಎಲೆ ಹಾಕಿಕೊಂಡಿದ್ದಳು. ನಸುಗೆಂಪು. ಹಾಜಿರಾಳ ಬೆರಳಿಗೆ ಒತ್ತಿದಳು. ಹಳದಿ.

“ಯಾ ಅಲ್ಲಾ!” ಎಂದು ಹಣೆ ಹಣೆ ಬಡಿದುಕೊಂಡು ನಗಲು ಶುರುಮಾಡಿದಳು. ಬಸ್ಸಿನ ಮಂದಿಯೆಲ್ಲ ತಿರುಗಿ ನೋಡಿದರು. ಅರಿಶಿಣಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆಂದು ಕೂಸಿಗೂ ಗೊತ್ತು. ಆದರೆ ಬೆರಳಲ್ಲಿ ಸುಣ್ಣ ಇರುವುದು ಬೆರಳಲ್ಲಿ ಉಗುರು ಇರುವಷ್ಟೇ ಸಹಜವಾದ ಸೀಮೆ ಇದು. ಅದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ?

ಹಾಜಿರಾಳಿಗೆ ನಗು ಬರಲಿಲ್ಲ. “ಅಮ್ಮಾ, ಅಂದ್ರ ನಮ್ಮ ಕಾರ್ಡ ಎಲ್ಲಾ ಸುಳ್ಳು?”

“ಎಲ್ಲಾ ಯಾಕ ಸುಳ್ಳಾಕ್ಕಾವು? ಎಲಿ ತಿನ್ನವ್ರದು ಸುಳ್ಳು. ತಿನ್ನದವ್ರದು ಖರೆ. ಆರಸಿ ತಗಿಯೂಣು.”

ಹಾಜಿರಾ ಎರಡು ದಿನ ಕಾರ್ಡುಗಳ ಮುಂದೆ ಕುಳಿತಳು. ಬೀಬಿಜಾನ ಒಬ್ಬೊಬ್ಬರ ಬಾಯಿಯ ಚರಿತ್ರೆ ಹೇಳಿದಳು. ಯಾರು ಎಲೆ ತಿನ್ನುವವರು, ಯಾರು ತಂಬಾಕಿಗೆ ಸುಣ್ಣ ತಿಕ್ಕುವವರು, ಯಾರು ಎರಡೂ. ಹನ್ನೊಂದು ಊರಿನಲ್ಲಿ ಆರು ಊರಿನ ಕಾರ್ಡುಗಳಿಗೆ ಹಾಜಿರಾ ಅಡ್ಡಗೆರೆ ಎಳೆದಳು. ಎಳೆಯಲು ಮನಸ್ಸು ಒಪ್ಪುತ್ತಿರಲಿಲ್ಲ. ಕೆಂಪೆಂದು ಬರೆದಿದ್ದೇ ಹೆಚ್ಚು ಆ ಕಾರ್ಡುಗಳಲ್ಲಿ. ಅವನ್ನು ಹಾಗೇ ಇಟ್ಟುಕೊಂಡರೆ ಗಿರಣಿಯ ತಪ್ಪು ದೊಡ್ಡದಾಗಿ ಕಾಣುತ್ತಿತ್ತು. ಆದರೆ ಸಾಹೇಬರ ಬೆರಳು ನೆನಪಾಯಿತು. ಗೆರೆ ಎಳೆದಳು.

ತನ್ನ ಕಾರ್ಡು ಹೊಡೆದು ಹಾಕಿದ್ದು ಕೇಳಿ ಅಮೃತವ್ವ ಹರಿಗೋಲಿನಲ್ಲಿ ನಿಂತೇ ಬೈಯುತ್ತ ಬಂದಳು.

“ದಿನಾ ಮುಂಜಾನಿ ಎದ್ದು ಕಾಲು ನೋಯಿಸ್ಕೊಂಡು ಅದ್ದಿದ್ದು ನಾ! ನನ್ನ ಕಾರ್ಡ ಸುಳ್ಳು, ಹಲ್ಲಿಲ್ಲದ ಆ ಖೈರುನಬಿದು ಖರೇನೋ?”

“ಹಲ್ಲಿಲ್ಲ ಅಂತನ ಖರೆ, ಅಮೃತವ್ವ,” ಎಂದಳು ಬೀಬಿಜಾನ. “ಹಲ್ಲಿಲ್ಲ, ಅಡಕಿ ಇಲ್ಲ. ಅಡಕಿ ಇಲ್ಲ, ಸುಣ್ಣ ಇಲ್ಲ. ನೀ ಹಲ್ಲು ಕೀಳಿಸ್ಕೊಂಡ್ರ ನಿನ್ನದನ್ನೂ ತಗೋತೀನಿ.”

ಅಮೃತವ್ವ ನಗು ತಡೆಯಲಾರದೆ ಅಲ್ಲೇ ಕುಳಿತಳು. ಕೊನೆಗೆ ಹುಣಸೆಹಣ್ಣಿನ ಕಟ್ಟಳೆ ಹುಟ್ಟಿತು. ಹುಣಸೆ ನೀರಲ್ಲಿ ಕೈ ತೊಳೆದರೆ ಸುಣ್ಣದ ಕಾಟ ಕಳೆಯುತ್ತದೆ ಎಂದು ಬಣ್ಣದ ಹಂಡೆ ಬೀಬಿಜಾನಳಿಗೆ ಎಂದೋ ಕಲಿಸಿತ್ತು. ದಾರ ಮುಟ್ಟುವ ಮೊದಲು ಹುಣಸೆ ನೀರು, ಆಮೇಲೆ ತಿಳಿನೀರು, ಆಮೇಲೆ ದಾರ. ಸಾಬೂನು ಮಾತ್ರ ಬೇಡ, ಅದೂ ಕೆಂಪು ಮಾಡುತ್ತದೆ.

ಉಳಿದ ಐದೂರಿನ ಕಾರ್ಡುಗಳನ್ನೂ ತಾನೇ ಅದ್ದಿ ಬರೆದಿಟ್ಟ ತಮ್ಮೂರಿನ ಹಾಳೆಯನ್ನೂ ಹಾಜಿರಾ ನೆಲದ ಮೇಲೆ ಸಾಲಾಗಿ ಹಾಸಿದಳು. ಹಾಸಿ ನೋಡಿ, ಬಾನು ಒಂದು ಕಾರ್ಡಿನ ಮೂಲೆ ಕಚ್ಚುತ್ತಿದ್ದದ್ದನ್ನೂ ಮರೆತು ನಿಂತಳು. ಗೊಂದಲವೆಲ್ಲ ತೊಳೆದುಹೋಗಿತ್ತು. ಹಳ್ಳ ಕೂಡುವುದಕ್ಕಿಂತ ಮೇಲಿನ ಊರಿನಲ್ಲಿ ಮೂರು ತಿಂಗಳಲ್ಲಿ ಒಂದು ದಿನವೂ ಕೆಂಪಿಲ್ಲ. ಹಳ್ಳದ ಕೆಳಗಿನ ಮೊದಲ ಊರಿನಲ್ಲಿ ಪ್ರತಿ ಶನಿವಾರ ಕೆಂಪು. ಖೈರುನಬಿಯ ಊರಿನಲ್ಲಿ ಆದಿತ್ಯವಾರ. ತಮ್ಮೂರಿನಲ್ಲಿ ಸೋಮವಾರ, ಅದೂ ಮುಂಜಾನೆ ಹಳದಿ, ಸಂಜೆ ಕೆಂಪು. ಗಿರಣಿಯವರು ಶುಕ್ರವಾರ ಕ್ಷಾರದ ಬಾನಿ ತೊಳೆದು ನೀರು ಬಿಡುತ್ತಾರೆ ಎಂಬುದಕ್ಕೆ ಇನ್ನಾರೂ ಸಾಕ್ಷಿ ಹೇಳಬೇಕಿರಲಿಲ್ಲ. ಅಮೃತವ್ವನ ದಾರ ಜಾಲಿಸಿದ್ದೂ ಒಂದು ಸೋಮವಾರವೇ.

ಈ ಸಲ ಹಾಜಿರಾ ಅರ್ಜಿ ಬರೆಯಲಿಲ್ಲ. ಸಾಹೇಬರಿಗೆ ಒಂದು ಕಾರ್ಡು ಹಾಕಿದಳು. ‘ಏಪ್ರಿಲ್ ಮೂವತ್ತು, ಸೋಮವಾರ, ಹೊಳೆಬಾಗನೂರಿಗೆ ಬರಬೇಕು. ಮುಂಜಾನೆ ದಾರ ಹಳದಿ ಇರುತ್ತದೆ. ಮಧ್ಯಾಹ್ನದ ಮೇಲೆ ಕೆಂಪಾಗುತ್ತದೆ. ಆಗದಿದ್ದರೆ ನಾವು ಇನ್ನೆಂದೂ ಕಾಗದ ಬರೆಯುವುದಿಲ್ಲ.’ ಡಬ್ಬಿಗೆ ಹಾಕಿದ ಮೇಲೆ ರಾತ್ರಿಯಿಡೀ ಆ ಕೊನೆಯ ಸಾಲು ಯಾಕೆ ಬರೆದೆನೋ ಎಂದು ಹೊರಳಾಡಿದಳು. ಅಣ್ಣನೂ ಅದೇ ಸೋಮವಾರ ಬರುವವನಿದ್ದ.

ಆದಿತ್ಯವಾರ ಸಂಜೆ ಶಿರಹಟ್ಟಿ ಕಡೆಯ ಬಸ್ಸು ಬಂತು. ಡ್ರೈವರ್ ಫಕ್ರುಸಾಬ ಖೈರುನಬಿಯ ನೆರೆಮನೆಯವನು. ಬಸ್ಸಿನ ಬದಿಯ ಕನ್ನಡಿಗೆ ಒಂದು ಎಳೆ ಕೆಂಪು ದಾರ ಕಟ್ಟಿಕೊಂಡು ಬಂದಿದ್ದ.

“ನಿಮ್ಮ ತಂಗಿ ಕಟ್ಟಿ ಕಳಿಸ್ಯಾಳ್ರೀ ಬೀಬಿಜಾನಮ್ಮ. ಕಾರ್ಡ ಹಾಕಿದ್ರ ಮೂರ ದಿನ ಆಕ್ಕೈತಿ, ನೀರು ಅದಕ್ಕಿಂತ ಮೊದಲ ಬರ್ತೈತಿ ಅಂದ್ಳು. ನಾ ನೀರಿಗಿಂತ ಜಲ್ದಿ ಬಂದೀನಿ.”

ಬೀಬಿಜಾನ ಓಣಿಯಲ್ಲೆಲ್ಲ ಕೂಗಿ ಹೇಳಿದಳು. ಕತ್ತಲಾಗುವುದರೊಳಗೆ ಊರಿನ ಕೊಡ, ಬಿಂದಿಗೆ, ಹಂಡೆ ಎಲ್ಲ ತುಂಬಿದವು. ಹಾಜಿರಾ ಮೂರು ಹಂಡೆ ತುಂಬಿಸಿ, ಮೂರಕ್ಕೂ ದಾರ ಅದ್ದಿ ನೋಡಿ, ಮೂರನ್ನೂ ಮುಚ್ಚಿ, ಮುಚ್ಚಿದ್ದನ್ನು ಮತ್ತೆ ನೋಡಿ ಬಂದಳು.

ಸಾಹೇಬರು ಬರುತ್ತಾರೋ ಇಲ್ಲವೋ ಎಂದುಕೊಂಡಿದ್ದರೆ ಮರುದಿನ ಹತ್ತು ಗಂಟೆಗೆ ಜೀಪು ಬಂದೇ ಬಂತು, ಗುಮಾಸ್ತನೂ ಜೊತೆಗೆ. ಬೀಬಿಜಾನ ಅವರ ಮುಂದೆ ಬೋಗುಣಿಯಲ್ಲಿ ಹುಣಸೆ ನೀರು ಹಿಡಿದಳು.

“ಇದೇನಮ್ಮಾ, ಸಾರು ಬಡಿಸ್ತೀರಾ?”

“ಕೈ ತೊಳೀರಿ ಸಾಹೇಬ್ರ. ಅವತ್ತು ಕೆಂಪ ಮಾಡಿದ್ದು ನಿಮ್ಮ ಎಲಿ-ಅಡಕಿ ಸುಣ್ಣ. ತಪ್ಪು ನಮ್ಮದೂ ಇತ್ತು, ಅರ್ಧಾ ಕಾರ್ಡ ಹೊಡದ ಹಾಕೀವಿ.”

ಸಾಹೇಬರು ಅವಳ ಮುಖ ನೋಡಿದರು. ಆಮೇಲೆ ಗಡಿಯಾರ ಬಿಚ್ಚಿಟ್ಟು ಕೈ ತೊಳೆದರು. ಅವರೇ ದಾರ ಅದ್ದಿದರು. ಹಳದಿ.

ಹನ್ನೆರಡು ಹೊಡೆಯಿತು. ಹಳದಿ. ಒಂದು, ಹಳದಿ. ಎರಡೂ ದಂಡೆಯಲ್ಲಿ ಜನ ಸೇರಿದ್ದರು. ರಹಮಾನಸಾಬ ಮಧ್ಯಾಹ್ನದ ಬಸ್ಸಿಗೆ ಬಂದಿಳಿದು, ತಂಗಿಯ ಟ್ರಂಕಿನ ಮೇಲೆ ಕುಳಿತು, “ಇದೇನು ನಡೆದೈತಿ ಹಾಜಿರಾ, ಐದರ ಬಸ್ಸು ತಪ್ಪೀತು” ಎಂದ. ಎರಡು ಗಂಟೆಗೂ ಹಳದಿ. ಗುಮಾಸ್ತ ಟಾವೆಲ್ಲಿನಿಂದ ಗಾಳಿ ಹಾಕಿಕೊಳ್ಳುತ್ತ, “ಜ್ಯೋತಿಷ್ಯ ತಪ್ಪಿತೇನವ್ವ?” ಎಂದು ಕೆಣಕಿದ. ಬಾನು ಹಾಜಿರಾಳ ಕಂಕುಳಲ್ಲಿ ಹೊಳೆಯ ಕಡೆ ಕೈಚಾಚಿ ಎಗರುತ್ತಿತ್ತು. ಈ ಶುಕ್ರವಾರ ಅವರು ನೀರೇ ಬಿಡಲಿಲ್ಲವೇ? ಖೈರುನಬಿ ತಪ್ಪಿದಳೇ? ಅಥವಾ ಬೇಸಿಗೆಗೆ ಹೊಳೆ ಇಳಿದಿದೆ, ನೀರು ನಿಧಾನ ನಡೆಯುತ್ತಿದೆಯೇ? ಹಾಜಿರಾ ಮಗಳನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು.

“ಮದವಣಗಿತ್ತಿ ಬರೂದು ತಡಾ ಆದ್ರ ಮದವಿ ನಿಂದ್ರತೈತೇನು?” ಎಂದು ಬೀಬಿಜಾನ ಸೊಸೆಯ ಬೆನ್ನು ಸವರಿದಳು. ಆದರೆ ಅವಳ ಕಣ್ಣೂ ಹೊಳೆಯ ಮೇಲೆಯೇ ಇತ್ತು.

ಮೂರೂವರೆಯ ಸುಮಾರಿಗೆ ಸಾಹೇಬರು ಏಳೋಣವೆಂದು ಕೊನೆಯ ಸಲ ದಾರ ಅದ್ದಿದರು. ಎತ್ತಿದಾಗ ತುದಿ ಕಿತ್ತಳೆಯಾಗಿತ್ತು. ಅವರು ಹುಣಸೆ ನೀರಲ್ಲಿ ಮತ್ತೆ ಕೈ ತೊಳೆದು ಹೊಸ ದಾರ ತೆಗೆದುಕೊಂಡರು. ಕೆಂಪು. ಮೂರನೆಯದನ್ನು ಗುಮಾಸ್ತನ ಕೈ ತೊಳೆಸಿ ಅವನಿಂದಲೇ ಅದ್ದಿಸಿದರು. ಅಚ್ಚ ಕೆಂಪು. ಆಚೆ ದಂಡೆಯಿಂದ ಅಮೃತವ್ವನ ದನಿ ನೀರಿನ ಮೇಲೆ ತೇಲಿ ಬಂತು. “ನಮ್ಮ ಕಡೀನೂ ಕೆಂಪು! ಹುಣಸೀ ಹಚ್ಚಿ ತೊಳದೀನಿ, ಹೊಡದ ಹಾಕಬ್ಯಾಡ್ರಿ!”

ಪಂಚನಾಮೆಯಾಯಿತು. ಈ ದಂಡೆಯವರೂ ಆ ದಂಡೆಯವರೂ ಒಂದೇ ಕಾಗದಕ್ಕೆ ಸಹಿ ಹಾಕಿದರು, ಹೆಬ್ಬೆಟ್ಟು ಒತ್ತಿದರು. ಜೀಪು ಹತ್ತುವಾಗ ಸಾಹೇಬರು ಹಿಂತಿರುಗಿ, “ಅಮ್ಮಾ, ನನಗೂ ಒಂದು ಗುಂಜು ದಾರ ಕೊಡಿ. ಬಳ್ಳಾರಿಯ ಸಾಹೇಬರಿಗೂ ಒಂದು” ಎಂದರು.

ಐದರ ಬಸ್ಸು ಬಂತು. ರಹಮಾನಸಾಬ ಟ್ರಂಕು ಎತ್ತಿದ. ಹಾಜಿರಾ ಅದನ್ನು ಅವನ ಕೈಯಿಂದ ಇಸಿದುಕೊಂಡಳು.

“ಅಣ್ಣಾ, ಹುಬ್ಬಳ್ಳಿ ನಳದ ನೀರು ಚಲೋ ಐತೋ ಇಲ್ಲೋ ನಿನಗ ಗೊತ್ತೈತೇನು?”

“ನಳದ ನೀರು ಚಲೋನ ಇರ್ತೈತಿ.”

“ಯಾರು ನೋಡ್ಯಾರ?” ಎಂದಳು ಹಾಜಿರಾ. “ಇಲ್ಲೀದು ನನಗ ದಿನಾ ಗೊತ್ತಾಕ್ಕೈತಿ.”

ಅವನ ಕೈಗೆ ಒಂದು ಗುಂಜು ಹಳದಿ ದಾರ ಕೊಟ್ಟು ಬಸ್ಸು ಹತ್ತಿಸಿದಳು. ಉಸ್ಮಾನಸಾಬ ಟ್ರಂಕನ್ನು ಒಳಗೆ ಒಯ್ದಿಟ್ಟ, ಮಾತಿಲ್ಲದೆ, ಆದರೆ ಸಿಳ್ಳೆ ಹಾಕುತ್ತ. ಆ ಸಂಜೆ ಹಾಜಿರಾ ಬಾನುವಿಗೆ ಆದಿತ್ಯವಾರ ತುಂಬಿಟ್ಟ ನೀರಿನಲ್ಲಿ ಎರೆದಳು.

ಗಿರಣಿ ಒಂದೇ ದಿನಕ್ಕೆ ಸುಧಾರಿಸಿತೆಂದರೆ ಸುಳ್ಳಾದೀತು. ನೋಟೀಸು ಹೋಯಿತು, ಉತ್ತರ ಬಂತು, ಮತ್ತೊಂದು ನೋಟೀಸು ಹೋಯಿತು. ಬಾನಿಯ ನೀರು ನಿಲ್ಲಿಸಿ ತಿಳಿಮಾಡುವ ಹೊಂಡ ಕಟ್ಟಿಸಲು ಮುಂದಿನ ಬೇಸಿಗೆ ಬರಬೇಕಾಯಿತು. ಆಮೇಲೂ ವರ್ಷಕ್ಕೆ ಒಂದೆರಡು ಸಲ ದಾರ ಕೆಂಪಾಗುತ್ತಿತ್ತು. ಆದರೆ ಕೆಂಪು ನೀರಿಗಿಂತ ಮೊದಲು ಫಕ್ರುಸಾಬನ ಬಸ್ಸಿನ ಕನ್ನಡಿಯಲ್ಲಿ ಕೆಂಪು ದಾರ ಬರುತ್ತಿತ್ತು. ಊರು ಕೊಡ ತುಂಬಿಕೊಳ್ಳುತ್ತಿತ್ತು. ಆಚೆ ದಂಡೆಗೆ ಕಳಕಪ್ಪನ ಹರಿಗೋಲು ಸುದ್ದಿ ಒಯ್ಯುತ್ತಿತ್ತು. ಅವನು ಎಲೆ ತಿನ್ನುವುದನ್ನು ಬಿಡಲಿಲ್ಲ. ಸುಣ್ಣ ಹಚ್ಚುವ ಕೆಲಸ ಮಾತ್ರ ಹೆಂಡತಿಗೆ ವಹಿಸಿದ.

ಮುಂದಿನ ಮಾಘದಲ್ಲಿ ಅಮೃತವ್ವನ ಎರಡನೆಯ ಮಗಳ ಮದುವೆ ಗೊತ್ತಾಯಿತು. ಹರಿಗೋಲು ಇಳಿದು ಬಂದವಳು ಯಾರೂ ಹೇಳದೆಯೇ ಬಾಗಿಲಲ್ಲಿದ್ದ ಹುಣಸೆ ನೀರಿನಲ್ಲಿ ಕೈ ತೊಳೆದಳು.

“ಐದು ಲಡಿ ಬೇಕ ಬೀಬವ್ವ. ಕೈಗುಣದ ಮಾತು ಬಿಡು, ಅದು ನನಗ ಗೊತ್ತೈತಿ. ಹೊಳಿಗುಣ ಹೆಂಗೈತಿ ಇವತ್ತು?”

ಬೀಬಿಜಾನ ಸೊಸೆಯ ಕಡೆ ನೋಡಿದಳು. ಹಾಜಿರಾ ಹೊಳೆಯಿಂದ ಆಗಷ್ಟೇ ಬಂದಿದ್ದಳು. ಹಿಂದೆಯೇ ಬಾನು, ಎರಡೂ ಅಂಗಾಲು ಒದ್ದೆ ಮಾಡಿಕೊಂಡು, ಹೊಸ್ತಿಲ ಮೇಲೆ ಪುಟ್ಟ ಹೆಜ್ಜೆಗಳ ಗುರುತು ಮೂಡಿಸುತ್ತ.

“ಹಳದಿ,” ಎಂದಳು ಹಾಜಿರಾ. ಹೇಳಿದವಳು ಒಂದು ಗಳಿಗೆ ತಡೆದು, ಕೈಯಲ್ಲಿದ್ದ ದಾರವನ್ನು ಮತ್ತೊಮ್ಮೆ ಬಿಸಿಲಿಗೆ ಹಿಡಿದು ನೋಡಿದಳು. “ಹೌದ್ರಿ, ಹಳದಿನ.”